ಗುರಿಯೂ ಗಡಿಯಾರವೂ

ಪಂದ್ಯ ಯಾವುದೇ ಇರಲಿ, ಗೆದ್ದವರು ಯಾರು ಎಂದು ಕೇಳುವುದಕ್ಕೆ ಮೊದಲು ಇನ್ನೊಂದು ಪ್ರಶ್ನೆಗೆ ಉತ್ತರ ಸಿದ್ಧವಾಗಿರಬೇಕು. ಗೆಲುವನ್ನು ಅಳೆಯುವ ಬಗೆ ಯಾವುದು? ಪಂದ್ಯ ನೋಡಿ ಸಂತೋಷಪಡುವವರಲ್ಲಿ ಈ ಪ್ರಶ್ನೆಯನ್ನು ಕೇಳುವವರು ವಿರಳ. ಅಂಕಗಳ ಪಟ್ಟಿಯನ್ನು ನಾವು ಸೂರ್ಯೋದಯದ ವೇಳೆಯಂತೆ ಪ್ರಶ್ನಿಸದೆ ಒಪ್ಪಿಬಿಡುತ್ತೇವೆ. ಆದರೆ ಅಂಕವೆಂಬುದು ಪ್ರಕೃತಿಯಲ್ಲಿ ಇದ್ದುದಲ್ಲ. ತಕ್ಕಡಿಯನ್ನೂ ಗಜಕಡ್ಡಿಯನ್ನೂ ಮಾಡಿಕೊಂಡಂತೆ ಮನುಷ್ಯರೇ ಅದನ್ನು ಮಾಡಿಕೊಂಡಿದ್ದಾರೆ. ಮಾಡಿದವರು ಯಾವ ಗುಣವನ್ನು ಹಿರಿದೆಂದು ಬಗೆದರು, ಯಾವುದನ್ನು ಲೆಕ್ಕದಿಂದ ಹೊರಗಿಟ್ಟರು ಎಂಬುದು ಅದರೊಳಗೇ ಅಡಗಿರುತ್ತದೆ. ಇದನ್ನು ವಿದ್ಯಾರ್ಥಿಗಳು ಮನಗಾಣುವುದಕ್ಕೆ ಪಿಸ್ತೂಲು ಪಂದ್ಯಗಳ ಅಂಕಗಣನೆ ಬಹಳ ಒಳ್ಳೆಯ ಪಾಠವೆಂದು ನಮ್ಮ ಅಭಿಪ್ರಾಯ.

ಮೊದಲು ನಮ್ಮ ನಾಡಿನದೇ ಎರಡು ಪಂದ್ಯಗಳನ್ನು ನೋಡೋಣ. ವಿಜಯಪುರ ಜಿಲ್ಲೆಯ ಕಡೆಯ ಜಾತ್ರೆಗಳಲ್ಲಿ ತೆರಬಂಡಿ ಸ್ಪರ್ಧೆ ನಡೆಯುವುದುಂಟು. ಮಸೂತಿ, ಬಸವನ ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳಗಳ ಕಡೆಯ ವಾಚಕರಿಗೆ ಅದನ್ನು ವಿವರಿಸಬೇಕಾಗಿಲ್ಲ. ಗಾಲಿಗಳು ಉರುಳದಂತೆ ಬಿಗಿದು ಭಾರ ಹೇರಿದ ಬಂಡಿಯನ್ನು ಎತ್ತುಗಳು ಎಳೆಯಬೇಕು. ಗೊತ್ತುಪಡಿಸಿದ ಕಾಲದೊಳಗೆ ಹೆಚ್ಚು ದೂರ ಎಳೆದ ಜೋಡಿ ಗೆದ್ದಂತೆ. ಇಲ್ಲಿ ಕಾಲ ಸ್ಥಿರ, ದೂರ ಚರ. ಓಟದ ಪಂದ್ಯದಲ್ಲಿಯಾದರೋ ದೂರ ಸ್ಥಿರ, ಕಾಲ ಚರ. ಎರಡು ಪರಿಮಾಣಗಳಲ್ಲಿ ಒಂದನ್ನು ಕಟ್ಟಿಹಾಕಿದ ಮೇಲೆ ಇನ್ನೊಂದನ್ನು ಅಳೆದರೆ ಸಾಕು, ಜಗಳಕ್ಕೆ ಎಡೆಯಿಲ್ಲ. ಎರಡನೆಯದು ಕೊಡಗಿನದು. ಅಲ್ಲಿ ಸೆಪ್ಟೆಂಬರ್ ತಿಂಗಳಿನ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗಳಿಗೆ ಪೂಜೆ ಸಲ್ಲಿಸಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯನ್ನು ನಡೆಸುತ್ತಾರೆ. ಗುಂಡು ಕಾಯಿಗೆ ತಗುಲಿತು, ಇಲ್ಲವೆ ತಗುಲಲಿಲ್ಲ. ಉತ್ತರ ಎರಡೇ, ಒಂದು ಅಥವಾ ಸೊನ್ನೆ. ಕಾಯಿಯ ನಟ್ಟನಡುವೆ ಹೊಡೆದವನಿಗೂ ಅಂಚನ್ನು ಸವರಿದವನಿಗೂ ಅಲ್ಲಿ ಭೇದವಿಲ್ಲ.

ಒಲಿಂಪಿಕ್ ಪಂದ್ಯಗಳು ಈ ಭೇದವನ್ನು ಅಳೆಯಲು ವರ್ತುಲಗಳನ್ನು ಬರೆದವು. ಹತ್ತು ಮೀಟರ್ ದೂರದ ಏರ್ ಪಿಸ್ತೂಲಿನ ಗುರಿಯಲ್ಲಿ ಹತ್ತು ಅಂಕದ ವರ್ತುಲದ ವ್ಯಾಸ ಕೇವಲ ೧೧.೫ ಮಿಲಿಮೀಟರ್. ಅಂತಿಮ ಸುತ್ತಿನಲ್ಲಿ ಆ ಹತ್ತನ್ನೂ ದಶಾಂಶವಾಗಿ ಒಡೆದು ಒಂದು ಹೊಡೆತಕ್ಕೆ ೧೦.೯ರ ವರೆಗೆ ಕೊಡುತ್ತಾರೆ. ೨೦೧೪ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳ ೧೦ ಮೀಟರ್ ಏರ್ ಪಿಸ್ತೂಲು ಸ್ಪರ್ಧೆಯಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪನವರು ಬೆಳ್ಳಿಯ ಪದಕವನ್ನು ಪಡೆದುದು ಇಂಥ ನಿಖರತೆಯ ಪರೀಕ್ಷೆಯಲ್ಲಿಯೇ. ೨೫ ಮೀಟರ್ ಶೀಘ್ರ ಪಿಸ್ತೂಲಿನಲ್ಲಿ ಐದು ಹೊಡೆತಗಳಿಗೆ ೮, ೬, ೪ ಸೆಕೆಂಡುಗಳೆಂದು ಕಾಲವನ್ನು ಕಟ್ಟಿಹಾಕಿರುತ್ತಾರೆ. ನಮ್ಮ ವಿಜಯ್ ಕುಮಾರರು ೨೦೧೨ರಲ್ಲಿ ಲಂಡನ್ನಿನಲ್ಲಿ ಬೆಳ್ಳಿ ಗೆದ್ದುದು ಈ ಸ್ಪರ್ಧೆಯಲ್ಲಿ. ಗಡಿಯಾರವಿದ್ದರೂ ಇದು ತೆರಬಂಡಿಯ ಜಾತಿಯದೇ, ಕಾಲ ಸ್ಥಿರ.

ಈಗ ಎರಡನ್ನೂ ಬಿಟ್ಟುಬಿಟ್ಟರೆ? ನಿಖರತೆಯೂ ಚರ, ಕಾಲವೂ ಚರ ಎಂದಾದರೆ ಗೆಲುವನ್ನು ಅಳೆಯುವುದು ಹೇಗೆ? ಒಬ್ಬನು ನಿಧಾನವಾಗಿ ನಡುವಿಗೇ ಹೊಡೆದ, ಇನ್ನೊಬ್ಬನು ಬೇಗನೆ ಅಲ್ಲಲ್ಲಿ ಹೊಡೆದ, ಯಾರು ಮೇಲು? ೧೯೭೬ರಲ್ಲಿ ಅಮೆರಿಕದ ಮಿಸ್ಸೌರಿ ಸಂಸ್ಥಾನದ ಕೊಲಂಬಿಯಾ ಎಂಬಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಪ್ರಾಕ್ಟಿಕಲ್ ಶೂಟಿಂಗ್ ಒಕ್ಕೂಟವು ಉತ್ತರಿಸಲು ಹೊರಟದ್ದು ಈ ಪ್ರಶ್ನೆಗೆ. ನಿಖರತೆ, ಬಲ, ವೇಗ ಎಂಬ ಅರ್ಥದ ಮೂರು ಲ್ಯಾಟಿನ್ ಪದಗಳೇ ಅದರ ಧ್ಯೇಯವಾಕ್ಯ. ಇಲ್ಲಿ ಸ್ಪರ್ಧಿಯು ಒಂದೆಡೆ ನಿಲ್ಲುವುದಿಲ್ಲ. ಮರೆಗಳ ನಡುವೆ ಓಡಾಡುತ್ತ ಹಲವು ಗುರಿಗಳಿಗೆ ಹೊಡೆಯುತ್ತಾನೆ. ಆರಂಭದ ಸದ್ದಿನಿಂದ ಕೊನೆಯ ಗುಂಡಿನ ಸದ್ದಿನ ವರೆಗಿನ ಕಾಲವನ್ನು ಒಂದು ಉಪಕರಣ ಕೇಳಿಸಿಕೊಂಡು, ಸೆಕೆಂಡಿನ ನೂರನೆಯ ಒಂದಂಶದ ವರೆಗೆ ಗುರುತಿಸುತ್ತದೆ. ಕಾಗದದ ಗುರಿಯಲ್ಲಿ ಎ, ಸಿ, ಡಿ ಎಂಬ ಮೂರು ವಲಯಗಳಿವೆ. ಸಾಮಾನ್ಯವಾಗಿ ಪ್ರತಿ ಗುರಿಗೆ ಎರಡು ಗುಂಡುಗಳು ತಗುಲಬೇಕು. ಒಂದು ಗುಂಡು ತಪ್ಪಿದರೆ ಹತ್ತು ಅಂಕಗಳು ಕಳೆಯುತ್ತವೆ. ಹೊಡೆಯಬಾರದೆಂದು ಇಟ್ಟ ಗುರಿಗೆ ತಗುಲಿದರೂ ಹಾಗೆಯೇ. ಕೊನೆಗೆ ಬಂದ ಒಟ್ಟು ಅಂಕಗಳನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸುತ್ತಾರೆ. ಆ ಭಾಗಲಬ್ಧಕ್ಕೆ ‘ಹಿಟ್ ಫ್ಯಾಕ್ಟರ್’ ಎಂದು ಹೆಸರು. ಸರಳವಾಗಿ ಹೇಳುವುದಾದರೆ ಅದು ಸೆಕೆಂಡಿಗೆ ಗಳಿಸಿದ ಅಂಕ. ಕ್ರಿಕೆಟ್ಟಿನಲ್ಲಿ ಓವರಿಗೆ ಇಷ್ಟು ರನ್ ಎಂದಂತೆ.

ಮೂರನೆಯ ಗುಣವಾದ ಬಲದ ಲೆಕ್ಕ ಭೌತಶಾಸ್ತ್ರದ ವಿದ್ಯಾರ್ಥಿಗೆ ವಿಶೇಷ ಸ್ವಾರಸ್ಯದ್ದು. ಗುಂಡಿನ ತೂಕವನ್ನು ಗ್ರೇನ್‌ಗಳಲ್ಲಿಯೂ ವೇಗವನ್ನು ಸೆಕೆಂಡಿಗೆ ಅಡಿಗಳಲ್ಲಿಯೂ ಅಳೆದು, ಗುಣಿಸಿ, ಸಾವಿರದಿಂದ ಭಾಗಿಸಿದರೆ ‘ಪವರ್ ಫ್ಯಾಕ್ಟರ್’ ದೊರೆಯುತ್ತದೆ. ಹೆಸರಿನಲ್ಲಿ ಪವರ್ ಇದ್ದರೂ ವ್ಯಾಟ್‌ಗಳಲ್ಲಿ ಅಳೆಯುವ ಸಾಮರ್ಥ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಬರುವುದು ಸಂವೇಗ. ಕನಿಷ್ಠ ಅರ್ಹತೆಯಾದ ೧೨೫ ಎಂದರೆ ಸುಮಾರು ೨.೪೭ ಕಿಲೋಗ್ರಾಂ-ಮೀಟರ್ ಪ್ರತಿ ಸೆಕೆಂಡ್. ಸ್ಟ್ಯಾಂಡರ್ಡ್ ವಿಭಾಗದಲ್ಲಿ ‘ಮೇಜರ್’ ಎನಿಸಿಕೊಳ್ಳಲು ಬೇಕಾದ ೧೭೦ ಎಂದರೆ ಸುಮಾರು ೩.೩೬. ಗಂಟೆಗೆ ೭೨ ಕಿಲೋಮೀಟರ್ ವೇಗದಿಂದ ಬರುವ ೧೬೦ ಗ್ರಾಂ ತೂಕದ ಕ್ರಿಕೆಟ್ ಚೆಂಡಿನ ಸಂವೇಗ ೩.೨! ಹಾಗಾದರೆ ಗುಂಡು ಏಕೆ ಮಾರಕ, ಚೆಂಡು ಏಕೆ ಅಲ್ಲ? ಸೆಕೆಂಡಿಗೆ ೧೦೧೦ ಅಡಿ ವೇಗದ ೧೨೪ ಗ್ರೇನ್ ಗುಂಡಿನ ಚಲನಶಕ್ತಿ ಸುಮಾರು ೩೮೦ ಜೂಲ್. ಆ ಚೆಂಡಿನದು ೩೨ ಜೂಲ್ ಮಾತ್ರ. ಅಷ್ಟು ಶಕ್ತಿ ಬೆರಳಿನ ತುದಿಗಿಂತ ಕಿರಿದಾದ ಜಾಗದ ಮೇಲೆ ಎರಗುತ್ತದೆ.

ಹೀಗಿದ್ದೂ ಶಕ್ತಿಯನ್ನು ಬಿಟ್ಟು ಸಂವೇಗವನ್ನೇ ಅಳೆಯುವುದರಲ್ಲಿ ಒಂದು ಔಚಿತ್ಯವಿದೆ. ಗುಂಡು ಮುಂದಕ್ಕೆ ಪಡೆದಷ್ಟು ಸಂವೇಗವನ್ನು ಪಿಸ್ತೂಲು ಹಿಂದಕ್ಕೆ ಪಡೆಯಲೇಬೇಕು. ನ್ಯೂಟನ್ನನ ಮೂರನೆಯ ನಿಯಮದಿಂದ ಬಿಡುಗಡೆಯಿಲ್ಲ. ಸಂವೇಗ ಹೆಚ್ಚಾದಷ್ಟೂ ಕೈಗೆ ಬರುವ ಒದೆತ ಹೆಚ್ಚು, ಮುಂದಿನ ಗುರಿಗೆ ಪಿಸ್ತೂಲನ್ನು ನಿಲ್ಲಿಸುವುದು ಕಷ್ಟ. ಆ ಕಷ್ಟಕ್ಕೆ ಪರಿಹಾರವಾಗಿ, ಎ ವಲಯಕ್ಕೆ ಎಲ್ಲರಿಗೂ ೫ ಅಂಕಗಳಿದ್ದರೂ, ಸಿ ಮತ್ತು ಡಿ ವಲಯಗಳಿಗೆ ‘ಮೇಜರ್’ ಸ್ಪರ್ಧಿಗೆ ೪ ಮತ್ತು ೨, ‘ಮೈನರ್’ ಸ್ಪರ್ಧಿಗೆ ೩ ಮತ್ತು ೧ ಎಂದು ಗೊತ್ತುಮಾಡಿದ್ದಾರೆ. ಸ್ಪರ್ಧಿಯ ಬಾಯಿಮಾತನ್ನು ನಂಬುವುದಿಲ್ಲ. ಅವನ ತೋಟಾಗಳಿಂದ ಮಾದರಿ ತೆಗೆದು, ಒಂದರ ಗುಂಡನ್ನು ತೂಗಿ, ಇತರವನ್ನು ಹಾರಿಸಿ, ಕ್ರೋನೋಗ್ರಾಫ್ ಎಂಬ ವೇಗಮಾಪಕದಿಂದ ಪರೀಕ್ಷಿಸುತ್ತಾರೆ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಆರು ಗುರಿಗಳು, ಹನ್ನೆರಡು ಗುಂಡುಗಳು, ಗರಿಷ್ಠ ೬೦ ಅಂಕಗಳು. ಸ್ಪರ್ಧಿಗಳು ಮೂವರು, ಎಲ್ಲರೂ ಮೈನರ್. ಮೊದಲನೆಯವನು ಹನ್ನೆರಡನ್ನೂ ಎ ವಲಯಕ್ಕೇ ಹೊಡೆದು ೬೦ ಅಂಕ ಗಳಿಸಿದ, ಕಾಲ ೧೦ ಸೆಕೆಂಡು, ಭಾಗಲಬ್ಧ ೬. ಎರಡನೆಯವನು ಎಂಟನ್ನು ಎ ವಲಯಕ್ಕೂ ನಾಲ್ಕನ್ನು ಸಿ ವಲಯಕ್ಕೂ ಹೊಡೆದು ೫೨ ಅಂಕ ಗಳಿಸಿದ, ಕಾಲ ೮ ಸೆಕೆಂಡು, ಭಾಗಲಬ್ಧ ೬.೫. ಮೂರನೆಯವನು ೬.೨ ಸೆಕೆಂಡುಗಳಲ್ಲಿ ಮುಗಿಸಿದ. ಆರು ಎ, ಮೂರು ಸಿ, ಎರಡು ಡಿ, ತಪ್ಪಿದ್ದು ಒಂದು. ಅವನ ಅಂಕಗಳು ೩೦ಕ್ಕೆ ೯, ೨ ಸೇರಿ ೧೦ ಕಳೆದು ೩೧, ಭಾಗಲಬ್ಧ ೫. ಎಲ್ಲರಿಗಿಂತ ನಿಖರವಾದವನೂ ಗೆಲ್ಲಲಿಲ್ಲ, ಎಲ್ಲರಿಗಿಂತ ಚುರುಕಾದವನೂ ಗೆಲ್ಲಲಿಲ್ಲ. ಇದೇ ಈ ನಿಯಮದ ಆಶಯ.

ಇಲ್ಲಿ ಕಲನಶಾಸ್ತ್ರದ ತತ್ತ್ವವೊಂದು ಅಡಗಿದೆ. ಎರಡನೆಯವನು ಸೆಕೆಂಡಿಗೆ ೬.೫ ಅಂಕದಂತೆ ಗಳಿಸುತ್ತಿದ್ದಾನೆ. ಒಂದು ಸಿ ಹೊಡೆತವನ್ನು ಎ ಹೊಡೆತವಾಗಿ ಮಾಡಿಕೊಂಡರೆ ಲಾಭ ೨ ಅಂಕ. ಅದಕ್ಕಾಗಿ ಅವನು ಎಷ್ಟು ಕಾಲವನ್ನು ವ್ಯಯಿಸಬಹುದು? ಎರಡನ್ನು ೬.೫ರಿಂದ ಭಾಗಿಸಿದರೆ ಸುಮಾರು ೦.೩ ಸೆಕೆಂಡು. ಅದಕ್ಕಿಂತ ಕಡಿಮೆಯಾದರೆ ಲಾಭ, ಹೆಚ್ಚಾದರೆ ನಷ್ಟ. ಓಟವೇ ಹೆಚ್ಚಾಗಿ ಭಾಗಲಬ್ಧ ೨.೫ ಇರುವ ಸುತ್ತಿನಲ್ಲಾದರೆ ಅದೇ ಎರಡು ಅಂಕಗಳಿಗಾಗಿ ೦.೮ ಸೆಕೆಂಡು ಕೊಡಬಹುದು. ನಿಧಾನವೇ ಪ್ರಧಾನವೆಂಬ ಮಾತಾಗಲಿ, ಬೇಗ ಮುಗಿಸುವುದೇ ಜಾಣತನವೆಂಬ ಮಾತಾಗಲಿ ಎಲ್ಲ ಸಂದರ್ಭಕ್ಕೂ ಸಲ್ಲುವುದಿಲ್ಲ. ಯಾವುದು ಸಲ್ಲುತ್ತದೆಂಬುದನ್ನು ಲೆಕ್ಕ ಮಾಡಿಯೇ ತಿಳಿಯಬೇಕು.

ಇಷ್ಟರ ವರೆಗೆ ನಿಯಮ ನಿರ್ದೋಷವೆಂದು ತೋರುತ್ತದೆ. ಮುಂದಿನ ಹೆಜ್ಜೆಯಲ್ಲಿ ಒಂದು ವಿಚಿತ್ರವಿದೆ. ಸುತ್ತಿನಲ್ಲಿ ಅತಿ ಹೆಚ್ಚು ಭಾಗಲಬ್ಧ ಪಡೆದವನಿಗೆ ಆ ಸುತ್ತಿನ ಪೂರ್ಣ ಅಂಕಗಳನ್ನು ಕೊಟ್ಟು, ಉಳಿದವರಿಗೆ ಅವನಿಗೆ ಹೋಲಿಸಿ ಹಂಚುತ್ತಾರೆ. ಎಲ್ಲ ಸುತ್ತುಗಳ ಅಂಕಗಳನ್ನು ಕೂಡಿದರೆ ಪಂದ್ಯದ ಫಲಿತಾಂಶ. ನಮ್ಮ ಉದಾಹರಣೆಯಲ್ಲಿ ಎರಡನೆಯವನಿಗೆ ೬೦, ಮೊದಲನೆಯವನಿಗೆ ೫೫.೩೮, ಅಂತರ ೪.೬೨. ಇನ್ನೊಂದು ಸುತ್ತಿನಲ್ಲಿ ಮೊದಲನೆಯವನು ೩ ಅಂಕಗಳಿಂದ ಮುಂದಿದ್ದಾನೆ ಎನ್ನೋಣ. ಒಟ್ಟಿನಲ್ಲಿ ಎರಡನೆಯವನು ೧.೬೨ ಅಂಕಗಳಿಂದ ಮುಂದೆ. ಆಗ ಆರು ಗುರಿಗಳ ಸುತ್ತಿಗೆ ಅಸಾಧಾರಣನಾದ ನಾಲ್ಕನೆಯವನೊಬ್ಬ ಬಂದು ೧೩ರ ಭಾಗಲಬ್ಧ ಪಡೆದನೆನ್ನೋಣ. ಇನ್ನೊಂದು ಸುತ್ತಿನಲ್ಲಿ ಅವನು ಯಾರನ್ನೂ ಮೀರಲಿಲ್ಲ. ಈಗ ಎರಡನೆಯವನ ಅಂಕ ೩೦ಕ್ಕೂ ಮೊದಲನೆಯವನದು ೨೭.೬೯ಕ್ಕೂ ಇಳಿದು, ಅಂತರ ೨.೩೧ ಮಾತ್ರವಾಯಿತು. ಒಟ್ಟಿನಲ್ಲಿ ಮೊದಲನೆಯವನೇ ೦.೬೯ ಅಂಕದಿಂದ ಮುಂದಾದ! ಇವರಿಬ್ಬರೂ ಹೊಡೆದ ಒಂದು ಗುಂಡೂ ಬದಲಾಗಿಲ್ಲ, ಒಂದು ಕ್ಷಣವೂ ಬದಲಾಗಿಲ್ಲ. ಮೂರನೆಯ ವ್ಯಕ್ತಿಯ ಆಗಮನದಿಂದ ಇಬ್ಬರ ಸ್ಥಾನ ಅದಲುಬದಲಾಯಿತು. ಇದು ಮೋಸವಲ್ಲ. ಹೋಲಿಕೆಯಿಂದ ಅಂಕ ಕೊಡುವ ಪದ್ಧತಿಯ ಸ್ವಭಾವವೇ ಇದು.

ಮತ್ತೊಂದು ಸಂಗತಿಯನ್ನು ಮರೆಯಬಾರದು. ಪಿಸ್ತೂಲಿನ ಬಾಯನ್ನು ಸುರಕ್ಷಿತ ದಿಕ್ಕಿನ ಮೇರೆಯಿಂದಾಚೆಗೆ ತಿರುಗಿಸಿದ ಸ್ಪರ್ಧಿಗೆ ಅಂಕ ಕಳೆಯುವುದಿಲ್ಲ. ಅವನನ್ನು ಇಡೀ ಪಂದ್ಯದಿಂದಲೇ ಹೊರಗೆ ಕಳುಹಿಸುತ್ತಾರೆ. ಪ್ರಾಣರಕ್ಷಣೆಗೆ ಇಷ್ಟು ಅಂಕವೆಂದು ಬೆಲೆ ಕಟ್ಟಿದ್ದರೆ, ಯಾರಾದರೊಬ್ಬನು ವೇಗಕ್ಕಾಗಿ ಆ ಬೆಲೆಯನ್ನು ತೆರಲು ಸಿದ್ಧನಾಗುತ್ತಿದ್ದ. ಕೆಲವು ಮೌಲ್ಯಗಳನ್ನು ಭಾಗಾಕಾರದಿಂದ ಹೊರಗಿಡಬೇಕೆಂಬ ವಿವೇಕ ಈ ನಿಯಮದಲ್ಲಿದೆ.

ನಮ್ಮ ದೇಶದಲ್ಲಿ ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪಿಸ್ತೂಲು ಹೊಂದಲು ಪರವಾನಗಿ ಬೇಕು; ನಮ್ಮ ಬಹುಪಾಲು ವಿದ್ಯಾರ್ಥಿಗಳು ಅದನ್ನು ಎಂದಿಗೂ ಮುಟ್ಟುವವರಲ್ಲ. ಹೀಗಿರಲು ಈ ಲೆಕ್ಕ ಅವರಿಗೇಕೆ ಎಂದು ಕೆಲವರು ಕೇಳಬಹುದು. ಪಿಸ್ತೂಲನ್ನು ಮುಟ್ಟದಿದ್ದರೂ ಅಂಕಪಟ್ಟಿಯಿಂದ ತಪ್ಪಿಸಿಕೊಂಡವರಿಲ್ಲ ಎಂಬುದೇ ನಮ್ಮ ಉತ್ತರ. ಕರ್ನಾಟಕದ ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ ಒಂದು ವಿಷಯಕ್ಕೆ ೮೦ ನಿಮಿಷಗಳಲ್ಲಿ ೬೦ ಪ್ರಶ್ನೆಗಳು. ಇದು ತೆರಬಂಡಿಯ ನಿಯಮ. ಜ್ಞಾನವನ್ನು ಅಳೆಯುವೆನೆಂದು ಹೇಳುತ್ತ ವೇಗವನ್ನೂ ಮೌನವಾಗಿ ಅಳೆಯುತ್ತದೆ. ಅಲ್ಲಿ ತಪ್ಪು ಉತ್ತರಕ್ಕೆ ದಂಡವಿಲ್ಲ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯಲ್ಲಿಯಾದರೋ ಸರಿಯುತ್ತರಕ್ಕೆ ನಾಲ್ಕು ಸೇರಿ, ತಪ್ಪಿಗೆ ಒಂದು ಕಳೆಯುತ್ತದೆ. ಎರಡೂ ಕಡೆ ಒಂದೇ ರೀತಿ ಬರೆಯುವವನು ಭಾಗಲಬ್ಧ ಹತ್ತಿರುವ ಸುತ್ತನ್ನೂ ಎರಡೂವರೆಯಿರುವ ಸುತ್ತನ್ನೂ ಒಂದೇ ರೀತಿ ಆಡುವ ಸ್ಪರ್ಧಿಯಂತೆ. ಇನ್ನು ರ‍್ಯಾಂಕ್ ಮತ್ತು ಪರ್ಸೆಂಟೈಲ್‌ಗಳು ಸಂಪೂರ್ಣವಾಗಿ ಹೋಲಿಕೆಯವು. ಜೊತೆಯಲ್ಲಿ ಯಾರು ಬರೆದರು ಎಂಬುದನ್ನು ಅವು ಅವಲಂಬಿಸುತ್ತವೆ.

ಪರೀಕ್ಷೆಗಳು ಬೇಡವೆಂದು ನಾವು ಹೇಳುತ್ತಿಲ್ಲ. ಸಾವಿರಾರು ಜನರಲ್ಲಿ ಕೆಲವರನ್ನು ಆರಿಸಬೇಕಾದಾಗ ಯಾವುದಾದರೊಂದು ಅಳತೆಗೋಲು ಬೇಕೇ ಬೇಕು. ಆದರೆ ಅದು ಒಂದು ಪ್ರಶ್ನೆಗೆ ಮಾತ್ರ ಉತ್ತರ ಹೇಳುತ್ತದೆ. ಹೇಳದ ಉತ್ತರವನ್ನು ಅದರ ಬಾಯಲ್ಲಿ ತುರುಕಬಾರದು. ಎಂಬತ್ತು ನಿಮಿಷಗಳಲ್ಲಿ ನಲವತ್ತು ಪ್ರಶ್ನೆಗಳನ್ನು ಬಿಡಿಸಿದ ಹುಡುಗಿಯೊಬ್ಬಳು, ಎರಡು ಗಂಟೆ ದೊರೆತಿದ್ದರೆ ಅರವತ್ತನ್ನೂ ಬಿಡಿಸುತ್ತಿದ್ದಳೇನೋ. ಅಂಥವಳು ತನ್ನ ಅಂಕವನ್ನು ನೋಡಿ ‘ಭೌತಶಾಸ್ತ್ರ ನನಗೆ ಹೇಳಿದ್ದಲ್ಲ’ ಎಂದು ನಿರ್ಧರಿಸಿಬಿಟ್ಟರೆ, ಅಳತೆಗೋಲು ಹೇಳದ ಮಾತನ್ನು ಅವಳೇ ಹೇಳಿಕೊಂಡಂತಾಗುತ್ತದೆ. ಅದರಿಂದಾಗುವ ನಷ್ಟ ಅವಳೊಬ್ಬಳದಲ್ಲ.

ಆದುದರಿಂದ ಅಂಕವನ್ನು ಕಂಡಾಗ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ಶಾಲೆಯಲ್ಲಿಯೇ ಬೆಳೆಸಬೇಕು. ಏನನ್ನು ಎಣಿಸಿದರು? ಯಾವುದರಿಂದ ಭಾಗಿಸಿದರು? ಯಾರಿಗೆ ಹೋಲಿಸಿದರು? ಇದಕ್ಕೆ ಪಿಸ್ತೂಲೂ ಬೇಡ, ಪ್ರಯೋಗಾಲಯವೂ ಬೇಡ. ಶಾಲೆಯ ಗೋಡೆಯ ಮೇಲೆ ಸುಣ್ಣದಿಂದ ಮೂರು ವರ್ತುಲಗಳನ್ನು ಬರೆದು, ಒಬ್ಬೊಬ್ಬರೂ ಹತ್ತು ಸಾರಿ ಚೆಂಡು ಎಸೆಯಲಿ. ಇನ್ನೊಬ್ಬರು ಗಡಿಯಾರ ಹಿಡಿಯಲಿ. ತಗುಲಿದವುಗಳನ್ನು ಮಾತ್ರ ಎಣಿಸಿ ಒಂದು ಪಟ್ಟಿ, ವರ್ತುಲಗಳ ಅಂಕ ಕೂಡಿ ಎರಡನೆಯ ಪಟ್ಟಿ, ಅಂಕವನ್ನು ಕಾಲದಿಂದ ಭಾಗಿಸಿ ಮೂರನೆಯ ಪಟ್ಟಿ ಮಾಡಲಿ. ಎಸೆತಗಳು ಅವೇ, ಎಸೆದವರೂ ಅವರೇ. ಆದರೂ ಮೂರು ಪಟ್ಟಿಗಳಲ್ಲಿ ಮೊದಲನೆಯ ಹೆಸರು ಬೇರೆಬೇರೆಯಾಗಬಹುದು. ಅಂಕವೆಂದರೇನೆಂಬುದನ್ನು ಆ ತರಗತಿಯ ಮಕ್ಕಳಿಗೆ ಮತ್ತೆ ವಿವರಿಸಬೇಕಾದ ಅಗತ್ಯ ಬೀಳದು.