ಕೌಂಟಿ ಕಮಿಷನರ್ ಆಯ್ಕೆ: ಕ್ಷೇತ್ರ ಕೊಟ್ಟರಷ್ಟೇ ಸಾಲದು

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ರಾಜ್ಯ ಸರ್ಕಾರದ ಕೆಳಗಿನ ಆಡಳಿತ ಘಟಕ ಕೌಂಟಿ. ಹಲವೆಡೆ ಅದನ್ನು ನಡೆಸುವುದು ಕಮಿಷನರ್‌ಗಳ ಮಂಡಳಿ. ಇವರು ಸರ್ಕಾರ ನೇಮಿಸಿದ ಅಧಿಕಾರಿಗಳಲ್ಲ, ಜನ ಆರಿಸಿದವರು. ಗ್ರಾಮೀಣ ರಸ್ತೆ, ಜೈಲು, ಆಸ್ತಿ ತೆರಿಗೆ, ಸಾರ್ವಜನಿಕ ಆರೋಗ್ಯದಂತಹ ದಿನನಿತ್ಯದ ವಿಷಯಗಳೆಲ್ಲ ಇವರ ಕೈಯಲ್ಲಿವೆ. ಇವರನ್ನು ಇಡೀ ಕೌಂಟಿಯ ಮತದಾರರು ಸೇರಿ ಆರಿಸಬೇಕೇ ಅಥವಾ ಒಂದೊಂದು ಕ್ಷೇತ್ರದವರು ಒಬ್ಬೊಬ್ಬರನ್ನು ಆರಿಸಬೇಕೇ ಎಂಬ ಪ್ರಶ್ನೆ ನ್ಯಾಯಾಲಯ, ಶಾಸನಸಭೆಗಳನ್ನು ದಾಟಿ ಮತಪತ್ರಕ್ಕೂ ಬರುತ್ತದೆ.

ಇಡೀ ಕೌಂಟಿಯೇ ಒಂದು ಕ್ಷೇತ್ರವಾದಾಗ ನೂರಕ್ಕೆ ಅರವತ್ತು ಮಂದಿ ಒಗ್ಗಟ್ಟಾಗಿ ಮತ ಹಾಕಿದರೆ ಐದಕ್ಕೆ ಐದೂ ಸ್ಥಾನ ಅವರ ಪಾಲು. ಉಳಿದ ನಲವತ್ತು ಮಂದಿಗೆ ಒಂದೂ ಇಲ್ಲ. ಜಾರ್ಜಿಯಾದ ಬರ್ಕ್ ಕೌಂಟಿ ಇದನ್ನು ದಶಕಗಟ್ಟಲೆ ಕಂಡಿತು. 1980ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆಯಲ್ಲಿ ಕಪ್ಪು ಜನರು ಶೇ 53.6ರಷ್ಟಿದ್ದರೂ 1978ರ ಮತದಾರರ ಪಟ್ಟಿಯಲ್ಲಿ ಅವರ ಪಾಲು ಶೇ 38 ಮಾತ್ರ. 1911ರಲ್ಲಿ ರಚನೆಯಾದ ಮಂಡಳಿಗೆ ಅವರಲ್ಲಿ ಒಬ್ಬರೂ ಆರಿಸಿ ಬಂದಿರಲಿಲ್ಲ. ಅದರ ಫಲ ಬೀದಿಯಲ್ಲೇ ಕಾಣುತ್ತಿತ್ತು. ರಸ್ತೆಗಳಿಗೆ ಡಾಂಬರು ಹಾಕುವುದರಲ್ಲಿಯೂ ಎದ್ದು ಕಾಣುವ ತಾರತಮ್ಯವಿತ್ತು ಎಂಬುದು ನ್ಯಾಯಾಲಯದ ದಾಖಲೆಯಲ್ಲಿದೆ. 1982ರಲ್ಲಿ ‘ರಾಜರ್ಸ್ ವಿರುದ್ಧ ಲಾಡ್ಜ್’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೌಂಟಿಯನ್ನು ಐದು ಕ್ಷೇತ್ರಗಳಾಗಿ ಒಡೆಯಬೇಕೆಂಬ ಕೆಳ ನ್ಯಾಯಾಲಯದ ಆದೇಶವನ್ನು 6–3ರ ಬಹುಮತದಿಂದ ಎತ್ತಿಹಿಡಿಯಿತು.

ಇಡೀ ಕೌಂಟಿಯ ಆಯ್ಕೆ ಮತ್ತು ಕ್ಷೇತ್ರವಾರು ಆಯ್ಕೆ, ಇವೆರಡರ ನಡುವಿನ ವ್ಯವಸ್ಥೆಯೂ ಕೆಲವೆಡೆ ಇದೆ: ಅಭ್ಯರ್ಥಿ ಇಂಥ ಕ್ಷೇತ್ರದ ನಿವಾಸಿಯಾಗಿರಬೇಕು, ಮತ ಹಾಕುವವರು ಮಾತ್ರ ಇಡೀ ಕೌಂಟಿಯವರು. ಮೇಲುನೋಟಕ್ಕೆ ನ್ಯಾಯವಾಗಿ ಕಂಡರೂ ಇದರಿಂದ ಕ್ಷೇತ್ರಕ್ಕೆ ಸಿಗುವುದು ಪ್ರತಿನಿಧಿಯ ವಿಳಾಸವಷ್ಟೇ. ವಾಷಿಂಗ್ಟನ್ ರಾಜ್ಯದ ಹಲವು ಕೌಂಟಿಗಳಲ್ಲಿ ಪ್ರಾಥಮಿಕ ಸುತ್ತಿನಲ್ಲಿ ಕ್ಷೇತ್ರದವರು, ಅಂತಿಮ ಸುತ್ತಿನಲ್ಲಿ ಇಡೀ ಕೌಂಟಿಯವರು ಮತ ಹಾಕುತ್ತಾರೆ. ಹೀಗಾಗಿ ಕ್ಷೇತ್ರದ ಮೊದಲ ಆಯ್ಕೆ ಕೊನೆಯಲ್ಲಿ ಸೋಲಬಹುದು. ಸ್ಪೋಕೇನ್ ಕೌಂಟಿಯಲ್ಲೂ ಹೀಗೆಯೇ ಇತ್ತು. 2018ರ ರಾಜ್ಯ ಕಾನೂನು ಅದನ್ನು ಬದಲಿಸಿ, 2022ರ ಚುನಾವಣೆಯಿಂದ ಅಲ್ಲಿ ಮೂವರ ಬದಲು ಐವರನ್ನು ಕ್ಷೇತ್ರವಾರು ಆರಿಸುವಂತೆ ಮಾಡಿತು.

ಕ್ಷೇತ್ರವಾರು ಆಯ್ಕೆಯ ವಿರೋಧಿಗಳ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ತೆರಿಗೆ ನಿಗದಿ ಮಾಡುವವರು ಐವರು, ಮತದಾರ ಪ್ರಶ್ನಿಸಬಹುದಾದದ್ದು ಒಬ್ಬರನ್ನು ಮಾತ್ರ. ಜೈಲು, ಬಜೆಟ್ಟಿನಂಥ ವಿಷಯಗಳಿಗೆ ಕ್ಷೇತ್ರದ ಗಡಿಯೂ ಇಲ್ಲ. ಫ್ಲೋರಿಡಾ ಇದಕ್ಕೆ ಕಂಡುಕೊಂಡ ದಾರಿಗಳಲ್ಲಿ ಒಂದು, ಐವರನ್ನು ಕ್ಷೇತ್ರಗಳಿಂದ, ಇಬ್ಬರನ್ನು ಇಡೀ ಕೌಂಟಿಯಿಂದ ಆರಿಸುವುದು. ಅದು ಬೇಕೋ ಬೇಡವೋ ಎಂದು ತೀರ್ಮಾನಿಸುವವರು ಆಯಾ ಕೌಂಟಿಯ ಮತದಾರರೇ. ಇಡೀ ರಾಜ್ಯಕ್ಕೆ ಒಂದೇ ಅಚ್ಚು ಒತ್ತುವ ಪ್ರಸ್ತಾವಗಳಿಗಿಂತ ಇದು ಮೇಲು. ಆದರೆ ಅಲ್ಪಸಂಖ್ಯಾತರನ್ನು ಹೊರಗಿಟ್ಟ ಬಹುಮತವೇ ಆ ಹೊರಗಿಡುವಿಕೆಯನ್ನು ಮತ ಹಾಕಿ ಕೈಬಿಡುತ್ತದೆಂದು ನಂಬುವುದು ಕಷ್ಟ. ಅಂಥ ಕಡೆ ರಾಜ್ಯಮಟ್ಟದ ನಿಯಮ ಬೇಕೇ ಬೇಕು.

ಕ್ಷೇತ್ರ ಬಂದ ಮಾತ್ರಕ್ಕೆ ನ್ಯಾಯ ಸಿಗುತ್ತದೆಂದೂ ಅಲ್ಲ. ಗೆರೆ ಎಳೆಯುವವರು ಯಾರು ಎಂಬುದು ಅಷ್ಟೇ ಮುಖ್ಯ. ಟೆಕ್ಸಾಸ್‌ನ ಮಿಡ್‌ಲ್ಯಾಂಡ್ ಕೌಂಟಿಯಲ್ಲಿ ಒಮ್ಮೆ ಒಂದು ಕ್ಷೇತ್ರದಲ್ಲಿ 67,906 ಜನ, ಉಳಿದ ಮೂರರಲ್ಲಿ 852, 828 ಮತ್ತು 414 ಜನರಿದ್ದರು. ನಾಲ್ಕಕ್ಕೂ ಒಬ್ಬೊಬ್ಬ ಕಮಿಷನರ್! ಒಬ್ಬರಿಗೆ ಒಂದು ಮತ ಎಂಬ ತತ್ವ ಸ್ಥಳೀಯ ಸಂಸ್ಥೆಗಳಿಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 1968ರಲ್ಲಿ ಹೇಳಿದ್ದು ಈ ಕೌಂಟಿಯ ಪ್ರಕರಣದಲ್ಲೇ. ಯೂಟಾದ ಸ್ಯಾನ್ ವಾನ್ ಕೌಂಟಿ 1984ರಲ್ಲಿ ಮೂರು ಕ್ಷೇತ್ರಗಳಿಗೆ ಒಪ್ಪಿಕೊಂಡಿತು. ಅಲ್ಲಿನ ಮೂಲನಿವಾಸಿ ನವಾಹೋ ಜನ 1986ರಲ್ಲಿ ಮಾರ್ಕ್ ಮೇರಿಬಾಯ್ ಅವರನ್ನು ಗೆಲ್ಲಿಸಿಕೊಂಡರು. ಆದರೆ ನವಾಹೋ ಮತಗಳನ್ನೆಲ್ಲ ಒಂದೇ ಕ್ಷೇತ್ರಕ್ಕೆ ತುಂಬಿದ್ದರಿಂದ ಎರಡನೆಯ ಸ್ಥಾನ ಅವರಿಗೆ ಎಟುಕಲೇ ಇಲ್ಲ. ಫೆಡರಲ್ ನ್ಯಾಯಾಲಯ ಆ ನಕ್ಷೆಯನ್ನು ರದ್ದು ಮಾಡಿತು. ಹೊಸ ನಕ್ಷೆಯಡಿ 2018ರಲ್ಲಿ ನವಾಹೋ ಸದಸ್ಯರಿಗೆ ಮೊದಲ ಬಾರಿ ಮಂಡಳಿಯಲ್ಲಿ ಬಹುಮತ ಸಿಕ್ಕಿತು.

ಗೆದ್ದ ಮೇಲೆ ಕೈಗೆ ಅಧಿಕಾರ ಸಿಗುತ್ತದೆಯೇ ಎಂಬುದು ಇನ್ನೊಂದು, ಹೆಚ್ಚು ನೋವಿನ ಪ್ರಶ್ನೆ. ಅಲಬಾಮಾದ ಎಟೋವಾ ಕೌಂಟಿಯಲ್ಲಿ ಪ್ರತಿ ರಸ್ತೆ ವಿಭಾಗದ ಹೊಣೆ ಒಬ್ಬೊಬ್ಬ ಕಮಿಷನರನದಾಗಿತ್ತು. ಯಾವ ರಸ್ತೆಗೆ ಜಲ್ಲಿ ಬೀಳಬೇಕು, ಯಾವುದು ಮೊದಲು ದುರಸ್ತಿಯಾಗಬೇಕು ಎಂದು ತೀರ್ಮಾನಿಸುವವನೂ ಅವನೇ. 1986ರಲ್ಲಿ ನ್ಯಾಯಾಲಯದ ಸಮ್ಮತಿ ಆದೇಶದಂತೆ ಕ್ಷೇತ್ರವಾರು ಚುನಾವಣೆ ಬಂದು, ಕಪ್ಪು ಸಮುದಾಯದ ಲಾರೆನ್ಸ್ ಪ್ರೆಸ್ಲಿ ಗೆದ್ದರು. ಮರುವರ್ಷವೇ ಹಳೆಯ ನಾಲ್ವರು ಸದಸ್ಯರು ನಿರ್ಣಯ ಮಾಡಿ ರಸ್ತೆ ಉಸ್ತುವಾರಿಯನ್ನು ತಮ್ಮಲ್ಲೇ ಇಟ್ಟುಕೊಂಡರು. ಕ್ಷೇತ್ರವಾರು ಹಂಚಿಕೆಯಾಗುತ್ತಿದ್ದ ರಸ್ತೆ ಹಣ ಒಂದೇ ನಿಧಿಗೆ ಸೇರಿತು. ಮತದಾನ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಇದಕ್ಕೆ ಫೆಡರಲ್ ಪೂರ್ವಾನುಮತಿ ಬೇಕಿತ್ತೆಂದು ಪ್ರೆಸ್ಲಿ ವಾದಿಸಿದರು. 1992ರಲ್ಲಿ ಸುಪ್ರೀಂ ಕೋರ್ಟ್ 6–3ರಿಂದ ಅದನ್ನು ಒಪ್ಪಲಿಲ್ಲ. ಇದು ಅಧಿಕಾರ ಹಂಚಿಕೆಯ ವಿಷಯ, ಮತದಾನದ ವಿಷಯವಲ್ಲ ಎಂಬುದು ಬಹುಮತದ ನಿಲುವು. ಮತ ಹಾಕಿದವರ ಪಾಲಿಗೆ ಈ ವ್ಯತ್ಯಾಸಕ್ಕೆ ಅರ್ಥವೇ ಇಲ್ಲ.

ಆದ್ದರಿಂದ ಮತಪತ್ರದಲ್ಲಿ ಇಂಥ ಪ್ರಸ್ತಾವ ಬಂದಾಗ ಮತದಾರರು ‘ಕ್ಷೇತ್ರವಾರು’ ಎಂಬ ಶೀರ್ಷಿಕೆಯಲ್ಲೇ ನಿಲ್ಲದೆ ಕೆಳಗಿನ ಪಠ್ಯವನ್ನೂ ಓದಬೇಕು. ನಕ್ಷೆ ಬರೆಯುವ ಕೆಲಸ ಹಾಲಿ ಕಮಿಷನರ್‌ಗಳಿಗೇ ಉಳಿದಿದೆಯೇ, ಪ್ರತಿ ಜನಗಣತಿಯ ನಂತರ ಅದರ ಪರಿಷ್ಕರಣೆ ಕಡ್ಡಾಯವೇ, ಅಂತಿಮ ಸುತ್ತಿನಲ್ಲೂ ಕ್ಷೇತ್ರದವರೇ ಮತ ಹಾಕುತ್ತಾರೆಯೇ, ಹೊಸ ಸದಸ್ಯರು ಬರುವ ಮುನ್ನ ಹಳೆಯ ಮಂಡಳಿ ಅಧಿಕಾರ ಹಂಚಿಕೆಯನ್ನು ಬದಲಿಸದಂತೆ ತಡೆ ಇದೆಯೇ ಎಂಬುದಕ್ಕೆ ಉತ್ತರ ಅಲ್ಲಿರಬೇಕು.