ಸಾಣಿಗೆಗೆ ಟ್ರೇಡ್‌ಮಾರ್ಕ್ ಇಲ್ಲ

ಪುಣೆಯ ಲಕ್ಷ್ಮಿ ರಸ್ತೆಯಿಂದ ತುಳಶೀಬಾಗಿನ ಓಣಿಗೆ ಹೊಕ್ಕರೆ ಪಾತ್ರೆ, ಬಳೆ, ದೇವರ ಸಾಮಾನುಗಳ ನಡುವೆ ರಂಗೋಲಿಯ ಅಚ್ಚುಗಳೂ ಸಿಗುತ್ತವೆ. ತೂತು ಕೊರೆದ ತಟ್ಟೆ, ಅದರ ಮೇಲೊಂದು ಹಿಡಿ ಪುಡಿ, ಕೈಯಿಂದ ಒಮ್ಮೆ ಸವರಿದರೆ ನೆಲದ ಮೇಲೆ ಹೂವು. ಪುಡಿಯ ಜಾಗದಲ್ಲಿ ಬಣ್ಣದ ಮಂಜನ್ನೂ ನೆಲದ ಜಾಗದಲ್ಲಿ ಬಿಳಿ ಶೂವನ್ನೂ ಇಟ್ಟು ನೋಡಿ. ಏರ್‌ಬ್ರಷ್ ಹಿಡಿದು ಸ್ನೀಕರ್ಸ್ ಮೇಲೆ ಚಿತ್ತಾರ ಮಾಡುವ ಇಂದಿನ ಹುಡುಗ ಹುಡುಗಿಯರ ಕೆಲಸವೂ ಇದೇ. ಆದರೆ ಇದಕ್ಕೆ ಕೈ ಹಾಕುವವರು ಮೊದಲು ಹುಡುಕುವುದು ಅಂಟಿಸುವ ರೆಡಿಮೇಡ್ ಸ್ಟೆನ್ಸಿಲ್ ಹಾಳೆಗಳನ್ನು: ಬೆಂಕಿಯ ಜ್ವಾಲೆ, ಕಾರ್ಟೂನ್ ಮುಖ, ಯಾವುದೋ ವಿದೇಶಿ ಫ್ಯಾಷನ್ ಕಂಪನಿಯ ಅಕ್ಷರಗಳು.

ನನ್ನ ಅಭಿಪ್ರಾಯ ಇಷ್ಟೇ. ಈ ಕಸುಬು ಕಲಿಯುವವರು ಮೊದಲ ಒಂದು ವರ್ಷ ಆ ಹಾಳೆಗಳನ್ನು ಮುಟ್ಟಬಾರದು. ಮನೆಯಲ್ಲಿರುವುದರಿಂದಲೇ ಕೆಲಸ ತೆಗೆಯಬೇಕು. ದುಡ್ಡು ಉಳಿಯುತ್ತದೆ ಎನ್ನುವುದು ಇದಕ್ಕೆ ಸಣ್ಣ ಕಾರಣ. ದೊಡ್ಡ ಕಾರಣಗಳು ಎರಡಿವೆ.

ಮೊದಲನೆಯದು ಕಣ್ಣು ಮತ್ತು ಕೈಗೆ ಸಂಬಂಧಿಸಿದ್ದು. ಈರುಳ್ಳಿ ಬರುವ ಬಲೆಚೀಲವನ್ನು ಶೂ ಮೇಲೆ ಬಿಗಿಯಾಗಿ ಎಳೆದು ಕಟ್ಟಿ ಬಣ್ಣ ಹಾರಿಸಿದರೆ ಹಾವಿನ ಚರ್ಮದಂಥ ಹುರುಪೆ ಮೂಡುತ್ತದೆ. ಸಡಿಲ ಬಿಟ್ಟರೆ ಅದೇ ಬಲೆ ಬೇರೆ ಆಕಾರ ಕೊಡುತ್ತದೆ. ಕ್ರೋಶಾದಲ್ಲಿ ಹೆಣೆದ ಟೇಬಲ್ ಮ್ಯಾಟ್ ಬಾಗುತ್ತದೆ, ಹಾಗಾಗಿ ಹಿಮ್ಮಡಿಯ ದುಂಡಿಗೂ ಒಗ್ಗುತ್ತದೆ. ಚಕ್ಕುಲಿ ಒರಳಿನ ಬಿಲ್ಲೆ ಬಾಗುವುದಿಲ್ಲ. ಅದು ಪಕ್ಕದ ಚಪ್ಪಟೆ ಭಾಗಕ್ಕೆ ಮಾತ್ರ ಸರಿ. ಸಾಣಿಗೆಯನ್ನು ಚರ್ಮಕ್ಕೆ ತಾಗಿಸಿ ಹಿಡಿದರೆ ಚುಕ್ಕಿಯ ಅಂಚು ಚೂಪು, ಬೆರಳಿನಷ್ಟು ಎತ್ತಿ ಹಿಡಿದರೆ ಅಂಚು ಮಸುಕು. ಪಿಚಕಾರಿಯನ್ನು ಓರೆ ಹಿಡಿದರೆ ಬಣ್ಣ ಅಚ್ಚಿನ ಅಡಿಗೆ ನುಸುಳುತ್ತದೆ. ಒತ್ತಡ ಕಡಿಮೆ ಇಟ್ಟು, ತೆಳುವಾಗಿ ಹಾರಿಸಿ, ಒಣಗಿದ ಮೇಲೆ ಮತ್ತೊಂದು ಪದರ ಕೊಡಬೇಕೆಂಬುದೂ ಹೀಗೆಯೇ ತಿಳಿಯುತ್ತದೆ. ಬೆರಳುಗಳ ಹತ್ತಿರ ಶೂ ಮಡಚುವ ಕಡೆ ದಪ್ಪ ಬಣ್ಣ ಮೊದಲು ಬಿರಿಯುತ್ತದೆ ಎಂಬುದೂ ಅಷ್ಟೆ. ಅಂಟಿನ ಹಾಳೆ ಇದನ್ನೆಲ್ಲ ಮುಚ್ಚಿಡುತ್ತದೆ. ಅಂಟಿಸು, ಹಾರಿಸು, ಕಿತ್ತು ತೆಗೆ. ಕೆಲಸ ಮುಗಿಯುತ್ತದೆ, ಕಲಿತದ್ದು ಕಡಿಮೆ.

ಇದೇನೂ ಹೊಸ ದಾರಿಯಲ್ಲ. ಇಂಡೊನೇಷ್ಯಾದ ಸುಲಾವೆಸಿ ದ್ವೀಪದ ಗುಹೆಯೊಂದರಲ್ಲಿ ಯಾರೋ ಕೈಯನ್ನು ಗೋಡೆಗೆ ಒತ್ತಿ, ಸುತ್ತ ಬಣ್ಣ ಹಾರಿಸಿ ಬಿಟ್ಟುಹೋದ ಗುರುತಿಗೆ ಕನಿಷ್ಠ 39,900 ವರ್ಷ. ಬಣ್ಣ ತೂರುವ ಉಪಕರಣಕ್ಕೆ ಅಮೆರಿಕದಲ್ಲಿ ಫ್ರಾನ್ಸಿಸ್ ಸ್ಟಾನ್ಲಿ ಪೇಟೆಂಟ್ ಪಡೆದದ್ದು 1876ರಲ್ಲಿ. ಅದಾಗಿ ನಾಲ್ಕು ದಶಕಗಳಲ್ಲಿ ಕಲಾವಿದ ಮ್ಯಾನ್ ರೇ, ಜಾಹೀರಾತು ಕೆಲಸದವರ ಏರ್‌ಬ್ರಷ್ಷನ್ನೇ ಎತ್ತಿಕೊಂಡು, ಕೈಗೆ ಸಿಕ್ಕ ವಸ್ತುಗಳನ್ನೂ ಕತ್ತರಿಸಿದ ಕಾಗದಗಳನ್ನೂ ಅಡ್ಡ ಇಟ್ಟು ಚಿತ್ರ ಮಾಡಿದ. ಅವನ್ನು ಏರೋಗ್ರಾಫ್ ಎಂದು ಕರೆದ. ಈಗ ಅವು ಮ್ಯೂಸಿಯಂಗಳಲ್ಲಿವೆ.

ಎರಡನೆಯ ಕಾರಣ ನನಗೆ ಹೆಚ್ಚು ಮುಖ್ಯ: ಆ ವಿನ್ಯಾಸ ಯಾರದ್ದು? 2021ರಲ್ಲಿ ನ್ಯೂಯಾರ್ಕಿನ ಕಲಾತಂಡವೊಂದು ನೈಕಿಯ ಏರ್ ಮ್ಯಾಕ್ಸ್ 97 ಶೂಗಳನ್ನು ಕೊಂಡು, ರೂಪ ಬದಲಿಸಿ, 666 ಜೋಡಿ ಮಾರಾಟಕ್ಕಿಟ್ಟಿತು. ನೈಕಿ ಕೆಲವೇ ದಿನಗಳಲ್ಲಿ ಕೋರ್ಟಿಗೆ ಹೋಯಿತು, ಕೊನೆಗೆ ರಾಜಿಯಾಯಿತು. ನಮ್ಮ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 30ನೇ ಕಲಮೂ ಇದನ್ನು ಮುಟ್ಟುತ್ತದೆ. ನ್ಯಾಯವಾಗಿ ಕೊಂಡ ಮಾಲನ್ನು ಮರುಮಾರಾಟ ಮಾಡಲು ಅಡ್ಡಿಯಿಲ್ಲ. ಆದರೆ ಮಾರುಕಟ್ಟೆಗೆ ಬಂದ ಮೇಲೆ ಅದರ ಸ್ಥಿತಿ ಬದಲಾಗಿದ್ದರೆ ಕಂಪನಿ ಆಕ್ಷೇಪಿಸಬಹುದು. ಸಾಣಿಗೆ ಹಿಡಿದ ಮಾತ್ರಕ್ಕೆ ಈ ತೊಡಕು ಪೂರ್ತಿ ಹೋಗುವುದಿಲ್ಲ. ಒಂದು ಕಂಪನಿಯ ಶೂ ಮೇಲೆ ಇನ್ನೊಂದು ಕಂಪನಿಯ ಗುರುತನ್ನು ಹೇರಿ, ಎರಡು ಕಡೆಯಿಂದ ಪೆಟ್ಟು ತಿನ್ನುವುದಾದರೂ ತಪ್ಪುತ್ತದೆ. ಸಾಣಿಗೆಯ ಚುಕ್ಕಿಗೆ ಯಾರೂ ನೋಟಿಸ್ ಕಳಿಸಲಾರರು.

ಕಾಯ್ದೆಯ ಮಾತು ಬಿಡಿ, ಮಾನದ ಮಾತು ಇದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ ಹೇಗೋ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳಿಗೂ ಹಾಗೆಯೇ. 2025ರ ಜೂನ್‌ನಲ್ಲಿ ಮಿಲಾನಿನ ಪ್ರದರ್ಶನದಲ್ಲಿ ಪ್ರಾಡಾ ಕಂಪನಿ ಅದನ್ನೇ ಹೋಲುವ ಚಪ್ಪಲಿಯನ್ನು, ಮೂಲದ ಹೆಸರು ಹೇಳದೆ, ಮೆರೆಸಿತು. ಎರಡೂ ರಾಜ್ಯಗಳಲ್ಲಿ ಸಿಟ್ಟು ಬಂತು. ಕಂಪನಿ ಆಮೇಲೆ ಭಾರತದ ಕಸುಬಿನಿಂದ ಪ್ರೇರಣೆ ಪಡೆದದ್ದನ್ನು ಒಪ್ಪಿಕೊಂಡಿತು. ಆ ಸಿಟ್ಟು ನ್ಯಾಯವಾದದ್ದು. ಹಾಗಿದ್ದರೆ ಅಥಣಿಯ ಕುಶಲಕರ್ಮಿಯ ಪರವಾಗಿ ಮಾತಾಡಿದ ನಾವೇ, ಅಂಥದೇ ಕಂಪನಿಗಳ ಅಕ್ಷರಗಳನ್ನು ಶೂ ಮೇಲೆ ಹಾರಿಸಿ ‘ಕಸ್ಟಮ್’ ಎಂದು ಮಾರುವುದು ಯಾವ ಲೆಕ್ಕ? ಅವರು ದೊಡ್ಡವರು, ನಾವು ಸಣ್ಣವರು ಎನ್ನಬಹುದು. ನಷ್ಟದ ತೂಕ ಬೇರೆ ಎಂದು ನಾನೂ ಒಪ್ಪುತ್ತೇನೆ. ಆದರೆ ಎರಡು ಕಡೆಯೂ ಆದದ್ದು ಒಂದೇ: ಬೇರೆಯವರ ಹೆಸರು ದುಡಿಯಿತು, ಸ್ವಂತ ಕೈ ಸುಮ್ಮನಿತ್ತು.

‘ಗಿರಾಕಿ ಕೇಳುವುದೇ ಕಾರ್ಟೂನ್ ಮತ್ತು ಲೋಗೊ, ಚಕ್ಕುಲಿ ಬಿಲ್ಲೆಯ ಚಿತ್ತಾರ ಯಾರಿಗೆ ಬೇಕು’ ಎಂಬ ಮಾತಿದೆ. ಬಾಡಿಗೆ ರೂಮಿನಲ್ಲಿ ಕೂತು ಕಾಲೇಜು ಫೀಸಿಗೆ ದುಡಿಯುವವರಿಗೆ ಇದು ಹಗುರ ಪ್ರಶ್ನೆಯಲ್ಲ. ಆದರೆ ಆ ಹಾಳೆ ಎಲ್ಲರಿಗೂ ಸಿಗುತ್ತದೆ. ಎಲ್ಲರೂ ಮಾಡಬಲ್ಲ ಕೆಲಸದಲ್ಲಿ ಉಳಿಯುವ ಪೈಪೋಟಿ ಬೆಲೆ ಇಳಿಸುವುದೊಂದೇ. ನಿಮ್ಮ ಮನೆಯ ಹಳೇ ಲೇಸಿನ ಮೇಲೆ ಸಾಣಿಗೆ, ಅದರ ಮೇಲೆ ಬಾಚಣಿಗೆಯ ಗೆರೆ ಎಂದು ನೀವು ಪದರ ಕಟ್ಟಿದರೆ ಪಕ್ಕದ ಬೀದಿಯವರು ಅದನ್ನು ಹಾಗೇ ತರಲಾರರು. ಮುಖವೇ ಬೇಕೆಂದರೆ ನೀವೇ ಬರೆದು, ಹಳೇ ಎಕ್ಸ್‌ರೇ ಹಾಳೆಯಲ್ಲಿ ಕೊರೆದುಕೊಳ್ಳಿ.

ಇನ್ನೆರಡು ಮಾತು. ಒಮ್ಮೆ ಬಣ್ಣ ಕುಡಿದ ಸಾಣಿಗೆ ಮತ್ತೆ ಹಿಟ್ಟಿಗೆ ಹೋಗಬಾರದು, ಎಷ್ಟು ತಿಕ್ಕಿ ತೊಳೆದರೂ. ಅವ್ವನ ಸಾಮಾನು ಅವ್ವನದು. ಕೇಳದೆ ಎತ್ತಬೇಡಿ, ಹಳೆಯದನ್ನು ಕೇಳಿ ಪಡೆಯಿರಿ ಇಲ್ಲವೇ ಹೊಸದು ಕೊಂಡುಕೊಡಿ. ಮತ್ತೆ, ನೀರಿನ ಬಣ್ಣವೇ ಆದರೂ ಮಂಜಾಗಿ ಹಾರಿದಾಗ ಅದು ಎದೆಯೊಳಗೆ ಇಳಿಯುತ್ತದೆ. ಕರವಸ್ತ್ರ ಸಾಲದು, ಸರಿಯಾದ ಮಾಸ್ಕ್ ಬೇಕು, ಗಾಳಿಯಾಡುವ ಜಾಗ ಬೇಕು. ಚರ್ಮದ ಹೊಳಪು ತೆಗೆಯಲು ಬಳಸುವ ಅಸಿಟೋನ್ ಬೇಗ ಬೆಂಕಿ ಹಿಡಿಯುವಂಥದು. ಗ್ಯಾಸ್ ಒಲೆ ಇರುವ ಕೋಣೆಯಲ್ಲಿ ಅದರ ಬಾಟಲಿ ತೆರೆಯಬೇಡಿ.

ಕಂಪನಿಯ ಗುರುತಿಲ್ಲದ ಒಂದು ಜೋಡಿ ಬಿಳಿ ಕ್ಯಾನ್ವಾಸ್ ಶೂ ತನ್ನಿ. ಒಳಗೆ ಪೇಪರ್ ತುಂಬಿ, ತಳಕ್ಕೆ ಟೇಪ್ ಸುತ್ತಿ, ಅಡುಗೆಮನೆಯ ಸ್ಟ್ಯಾಂಡನ್ನು ಸ್ವಲ್ಪ ಹೊತ್ತು ನೋಡಿ. ಯಾವುದರಲ್ಲಿ ತೂತಿದೆಯೋ ಅದರಲ್ಲೊಂದು ಚಿತ್ತಾರವೂ ಇದೆ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಅವ್ವನದೊಂದನ್ನು ಬಿಟ್ಟು.