ಉಣುಗು ಕಾರ್ಡು ನೋಡಿ ಕಚ್ಚುವುದಿಲ್ಲ

ಮಂಗನ ಕಾಯಿಲೆಗೆ ಇಂಥದ್ದೇ ಎಂಬ ಔಷಧಿ ಇಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣುಗು ಕಚ್ಚಿ ಹರಡುವ ರೋಗ ಇದು. ಇವತ್ತಿಗೂ ಡ್ರಿಪ್ಪು ಹಾಕಿ, ಪ್ಲೇಟ್‌ಲೆಟ್ ನೋಡಿಕೊಂಡು, ರಕ್ತಸ್ರಾವ ಆಗದಂತೆ ಕಾಯುವುದೇ ಚಿಕಿತ್ಸೆ. ಜೇಬಿನಲ್ಲಿ ಎಷ್ಟೇ ದುಡ್ಡಿದ್ದರೂ ಒಳ್ಳೆಯ ಹಾಸಿಗೆ, ಒಳ್ಳೆಯ ಐಸಿಯು ಕೊಳ್ಳಬಹುದೇ ಹೊರತು ಮದ್ದು ಕೊಳ್ಳಲಾಗದು. ಹಾಗಾಗಿ ಈ ಕಾಯಿಲೆಗೆ ದುಡ್ಡು ಎಷ್ಟು ಸುರಿದೆವು ಅನ್ನುವುದಕ್ಕಿಂತ ಯಾವಾಗ ಸುರಿದೆವು ಅನ್ನುವುದು ಮುಖ್ಯ.

ಸಾಗರ, ಹೊಸನಗರ, ತೀರ್ಥಹಳ್ಳಿಯ ಮನೆಗಳಲ್ಲಿ ಜ್ವರ ಜೋರಾದರೆ ಕಣ್ಣು ಘಟ್ಟದ ಕೆಳಗೆ ಹೋಗುತ್ತದೆ. ತೀರ್ಥಹಳ್ಳಿಯವರು ಆಗುಂಬೆ ಘಾಟಿ ಇಳಿದರೆ, ಹೊಸನಗರದವರು ಹುಲಿಕಲ್ ಘಾಟಿ. ಎಲ್ಲರ ಗುರಿ ಮಣಿಪಾಲ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವಿನ ಮೇಲೆ ಸಾವು ಬಂದಾಗಲೂ ಹಾಗೇ ಆಯಿತು. ಮಂಗನ ಕಾಯಿಲೆಯವರ ಮಣಿಪಾಲದ ಬಿಲ್ಲನ್ನು ತಾನೇ ಕೊಡುವುದಾಗಿ ಸರ್ಕಾರ ಹೇಳಿತು. ಒಳ್ಳೆಯದೇ. ಆದರೆ ಬಿಲ್ಲಿನಲ್ಲಿ ಬಾಡಿಗೆ ಕಾರು, ಜೊತೆಗೆ ಹೋದವರ ಊಟ ವಸತಿ, ಕೊಯ್ಲಿನ ಹೊತ್ತಲ್ಲಿ ತಪ್ಪಿದ ಕೂಲಿ ಇರುವುದಿಲ್ಲ. ಅದನ್ನು ಮನೆಯವರು ಸೊಸೈಟಿ ಸಾಲದಲ್ಲೋ ಕಿವಿಯ ಓಲೆಯಲ್ಲೋ ತೀರಿಸಬೇಕು.

ಇನ್ನು ಲಸಿಕೆಯ ಕಥೆ. ಬೆಂಗಳೂರಿನ ಹೆಬ್ಬಾಳದ ಸರ್ಕಾರಿ ಪಶು ಆರೋಗ್ಯ ಸಂಸ್ಥೆ ತಯಾರಿಸುತ್ತಿದ್ದ ಹಳೆಯ ಲಸಿಕೆಗೆ ಒಂದು ತಿಂಗಳ ಅಂತರದಲ್ಲಿ ಎರಡು ಡೋಸು, ಆಮೇಲೆ ಬೂಸ್ಟರು, ಮತ್ತೆ ವರ್ಷ ವರ್ಷ ಬೂಸ್ಟರು ಬೇಕಿತ್ತು. ಚುಚ್ಚಿದ ಜಾಗ ನೋಯುತ್ತಿತ್ತು, ಜನ ಎರಡನೆಯ ಸಲ ಬರುತ್ತಿರಲಿಲ್ಲ. ಪರಿಣಾಮ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸದನ್ನು ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಕೈಗೆತ್ತಿಕೊಂಡಿವೆ. ಇಷ್ಟು ವರ್ಷ ಯಾವ ಖಾಸಗಿ ಕಂಪನಿಯೂ ತಾನಾಗಿ ಮುಂದೆ ಬರಲಿಲ್ಲ ಏಕೆಂದು ಕೇಳಬೇಕಿಲ್ಲ. ರೋಗಿಗಳು ವರ್ಷಕ್ಕೆ ಕೆಲವು ನೂರು, ಅವರಲ್ಲಿ ಹೆಚ್ಚಿನವರು ಕೊಟ್ಟಿಗೆಗೆ ದರಕು, ತೋಟಕ್ಕೆ ಸೊಪ್ಪು ತರಲು ಕಾಡಿಗೆ ಹೋಗುವವರು. ಇಂಥ ಕಡೆ ಮಾರುಕಟ್ಟೆ ಇರುವುದಿಲ್ಲ, ಸರ್ಕಾರ ಮಾತ್ರ ಇರಬಲ್ಲದು.

ಸರ್ಕಾರದ ದುಡ್ಡು ಸರಿಯಾದ ಹೊತ್ತಿಗೆ ಬಂದರೆ ಏನಾಗುತ್ತದೆ ಎಂಬುದು ಮಲೆನಾಡಿಗೆ ಗೊತ್ತಿಲ್ಲದ್ದೇನಲ್ಲ. ಮಲೇರಿಯಾದ ಕಾಲದಲ್ಲಿ ಘಟ್ಟದ ಊರುಗಳಿಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದರು; ಮನೆಗಳು ಪಾಳು ಬೀಳುತ್ತಿದ್ದವು. 1953ರಲ್ಲಿ ದೇಶವ್ಯಾಪಿ ಮಲೇರಿಯಾ ನಿಯಂತ್ರಣ ಶುರುವಾಗಿ ಮನೆ ಮನೆಗೆ ಡಿಡಿಟಿ ಹೊಡೆದರು. ಜಮೀನ್ದಾರರ ಮನೆಗೂ ಹೊಡೆದರು, ಆಳಿನ ಬಿಡಾರಕ್ಕೂ ಹೊಡೆದರು. ಚಳಿಜ್ವರಕ್ಕೆ ಕ್ವಿನೈನ್ ಕೊಳ್ಳಲು ಮನೆ ಮನೆಯವರು ಚೆಲ್ಲಿದ ದುಡ್ಡಿನಿಂದ ಆಗದ್ದು ಅದರಿಂದ ಆಯಿತು.

ಈಗ ದೆಹಲಿಯ ಲೆಕ್ಕ ನೋಡಿ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಕೈಯಿಂದ ಕೊಡುವ ಪಾಲು 2013-14ರಲ್ಲಿ ಶೇ 64.2 ಇದ್ದದ್ದು 2021-22ಕ್ಕೆ ಶೇ 39.4ಕ್ಕೆ ಇಳಿಯಿತು. ಅದೇ ವರ್ಷ ಸರ್ಕಾರಗಳ ವೆಚ್ಚ ಜಿಡಿಪಿಯ ಶೇ 1.84. 2017ರ ಆರೋಗ್ಯ ನೀತಿ 2025ಕ್ಕೆ ಶೇ 2.5 ಎಂದಿತ್ತು. ಇಳಿಕೆ ಸಂತೋಷವೇ. ಆದರೆ ಆಯುಷ್ಮಾನ್ ಕಾರ್ಡಿನ ಮೂಲಕ ಖಾಸಗಿ ಆಸ್ಪತ್ರೆಗೆ ಹೋದ ಹಣವೂ ಈ ಲೆಕ್ಕದಲ್ಲಿ ಸರ್ಕಾರಿ ವೆಚ್ಚವೇ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುವುದು ನಿಜ. ಅದು ಸಿಗುವುದು ಮಲಗಿದ ಮೇಲೆ. ಉಣುಗು ಕಚ್ಚುವ ಮುಂಚೆ ಹಚ್ಚಿಕೊಳ್ಳಬೇಕಾದ ಡೆಪಾ ಎಣ್ಣೆಯ ಬಾಟಲಿಗೆ ಕಾರ್ಡು ನಡೆಯುವುದಿಲ್ಲ.

ಕೆಲವೊಮ್ಮೆ ಆರೋಗ್ಯದ ದುಡ್ಡು ಬೇರೆ ಇಲಾಖೆಯ ಹೆಸರಲ್ಲಿ ಬರುತ್ತದೆ. ಲಿಂಗನಮಕ್ಕಿ ಜಲಾಶಯ ತುಂಬಿದ ಮೇಲೆ ಹಿನ್ನೀರಿನ ಆಚೆಯ ತುಮರಿ ಕಡೆಯವರಿಗೆ ಸಾಗರ ಅಂದರೆ ಲಾಂಚು ಎಂದಾಗಿತ್ತು. ಸಂಜೆಗೆ ಲಾಂಚು ನಿಂತರೆ ಹೆರಿಗೆ ನೋವು, ಹಾವು ಕಡಿತ ಎಲ್ಲ ಬೆಳಗಿನವರೆಗೆ ಕಾಯಬೇಕಿತ್ತು, ಇಲ್ಲವೇ ದೂರದ ದಾರಿ ಸುತ್ತಬೇಕಿತ್ತು. ಆ ಹಿನ್ನೀರಿನ ಮೇಲೆ 2025ರ ಜುಲೈ 14ರಂದು ಉದ್ಘಾಟನೆಯಾದ 2.44 ಕಿಲೋಮೀಟರ್ ಉದ್ದದ ಸಿಗಂದೂರು ಸೇತುವೆಯನ್ನು ಎಲ್ಲರೂ ದೇವಸ್ಥಾನದ ಸೇತುವೆ ಅನ್ನುತ್ತಾರೆ. ನನ್ನ ಪ್ರಕಾರ ಈ ಸೀಮೆಗೆ ಇತ್ತೀಚೆಗೆ ಬಂದ ಅತಿ ದೊಡ್ಡ ಆರೋಗ್ಯ ಯೋಜನೆ ಅದೇ. ನಾಡಿಗೆ ಕರೆಂಟು ಕೊಡಲು ಊರು ಮುಳುಗಿಸಿಕೊಂಡವರಿಗೆ ಅದು ಸಿಕ್ಕಿದ್ದು ಅರವತ್ತು ವರ್ಷದ ಮೇಲೆ.

ಸೇತುವೆಯ ಆಚೆ ತುದಿಯಲ್ಲೂ ಈಚೆ ತುದಿಯಲ್ಲೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಾಯಂ ವೈದ್ಯರು ಬೇಕು, ರಕ್ತಪರೀಕ್ಷೆಯ ವರದಿ ಬೇಗ ಕೈಸೇರಬೇಕು, ಮಂಗ ಸತ್ತ ಸುದ್ದಿ ಬಂದ ದಿನವೇ ಸಿಬ್ಬಂದಿ ಔಷಧ ಸಿಂಪಡಿಸಲು ಕಾಡಿನಂಚಿಗೆ ಹೋಗಬೇಕು. ಒಂದು ಸೇತುವೆಯ ಖರ್ಚಿನ ಮುಂದೆ ಇವೆಲ್ಲ ಚಿಲ್ಲರೆ ಬಾಬತ್ತು. ನಿಮ್ಮ ಕೇಂದ್ರಕ್ಕೊಂದು ಆರೋಗ್ಯ ರಕ್ಷಾ ಸಮಿತಿ ಇರುತ್ತದೆ. ಅದರ ಸದಸ್ಯರು ಯಾರು, ದುಡ್ಡು ಯಾವುದಕ್ಕೆ ಹೋಯಿತು, ಎಣ್ಣೆ ಬಂದಿದೆಯೋ ಇಲ್ಲವೋ ಎಂದು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಕೇಳುವುದನ್ನು ದೀಪಾವಳಿಯೊಳಗೆ ಕೇಳಿ, ಡಿಸೆಂಬರಿನಿಂದ ಕಾಯಿಲೆಯ ಕಾಲ ಶುರು.